ಹಬ್ಬದ ದಿನದ ಹಾಜರಿ

ನಿನ್ನೆ ಜ್ವರ ಹಿಡಿಸಿಕೊಂಡು ಕಾಲೇಜು ಹಾಸ್ಟೆಲಿನಿಂದ ಮನೆಗೆ ಬಂದು ಮಲಗಿದ್ದ ಮಗ ದೀಪುವಿಗೆ ಮಾತ್ರೆ ಕೊಂಡು, ಚಿಕ್ಕಲಕ್ಷ್ಮಮ್ಮ ಸೋಲೂರಿನ ಬಸ್‌ ಸ್ಟಾಪಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಯಾರೋ ಗಂಡ ಹೆಂಡಿರು. ಅವರ ಬಾಯಲ್ಲಿ ಮಗಳ ಕಾಲೇಜಿನ ಮಾತು ಬಂದದ್ದೇ ತಡ, ಇವಳ ಕಿವಿ ನೆಟ್ಟಗಾಯಿತು.

“ಪಿತೃಪಕ್ಷದ ದಿನ ಪ್ರತಿಮಾ ಎಲ್ಲಿದ್ಲು ಹೇಳು?” ಗಂಡ ಕೇಳಿದ.

“ಇದೇನ್ರೀ, ನನ್ ಪಕ್ಕದಲ್ಲೇ ಕುಂತ್ಕಂಡು ಎಡೆಗೆ ವಡೆ ತಟ್ತಿದ್ಲು.”

“ಆವತ್ತೂ ಕಾಲೇಜಿಂದ ಮೆಸೇಜ್ ಬಂದೈತೆ, ನಿಮ್ಮ ಮಗಳು ಕ್ಲಾಸಿಗೆ ಹಾಜರು ಅಂತ. ನಾನು ಇವತ್ತು ನೋಡ್ದೆ.”

“ಗೆಳತಿ ಯಾರೋ ಹಾಜರಿ ಕೂಗಿರ್ತಾಳೆ ಬುಡಿ. ಹಬ್ಬಕ್ಕೆ ಬಾ ಅಂದೋರು ನೀವೇ ತಾನೆ?”

“ಒಂದಿನ ಇವಳ ಬದ್ಲು ಕೂಗಿದೋಳು ಮಿಕ್ಕಿದ್ ದಿನ ಸುಮ್ಕಿರ್ತಾಳಾ?”

ಹೆಂಗಸು ಚೀಲದಿಂದ ಫೋನು ತೆಗೆದಳು.

“ಕಾಲೇಜ್ ತಾವ ಬತ್ತಾ ಇದೀವಿ ಅಂತ ಅವಳಿಗೆ ಒಂದ್ ಫೋನಾದ್ರೂ ಮಾಡಾನಾ?”

“ಬ್ಯಾಡ. ಹೇಳ್ಬುಟ್ಟು ಹೋದ್ರೆ ಏನ್ ಗೊತ್ತಾಯ್ತದೆ?”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.

ಹೆತ್ತ ಮಗಳ ಮೇಲೆ ಇಷ್ಟೊಂದು ಅನುಮಾನವೇ ಎಂದು ಚಿಕ್ಕಲಕ್ಷ್ಮಮ್ಮನಿಗೆ ಕಸಿವಿಸಿಯಾಯಿತು. ಅಷ್ಟರಲ್ಲಿ ಮಾತ್ರೆಯಿಟ್ಟಿದ್ದ ಕೈಚೀಲದೊಳಗೆ ಅವಳ ಫೋನು ಟಿಣ್ ಎಂದಿತು:

‘ನಿಮ್ಮ ಮಗ ದೀಪು ಇಂದಿನ ಎಲ್ಲ ತರಗತಿಗಳಿಗೂ ಹಾಜರಾಗಿದ್ದಾರೆ.’