‘ಕೆಲಸಗಾರರ ದನಿ’ಯ ವಿಳಾಸ

ಕಾರ್ಖಾನೆಯ ಕ್ಯಾಂಟೀನಿನ ಸಾಲಿನಲ್ಲಿ ಉಗ್ರಾಣದ ಗುಮಾಸ್ತೆಯ ಮುಂದೆಯೇ ಮೇಲ್ ಸರ್ವರ್ ನೋಡಿಕೊಳ್ಳುವ ಇಬ್ಬರು ನಿಂತಿದ್ದರು. ಒಬ್ಬಳು ಹಿರಿಯಳು, ಇನ್ನೊಬ್ಬ ಹೊಸಬ.

“ಅಕ್ಕಾ, ಹೊಸ ನಿಯಮ ಹಾಕಿದ್ರೆ ಎಲ್ಲರ ಇಮೇಲ್ ವಿಳಾಸನೂ ಅವರವರ ಹೆಸರಿಗೆ ತಿರುಗುತ್ತೆ.”

“ತಿರುಗ್ಲಿ ಬಿಡೋ.”

“ಹೆಸರು ಹಾಕದೆ ಬರೆಯೋ ‘ಕೆಲಸಗಾರರ ದನಿ’ ವಿಳಾಸನೂ ತಿರುಗುತ್ತೆ. ಬರೆಯೋರ ಹೆಸರು ಬಯಲಾಗುತ್ತೆ.”

ಹಿಂದಿದ್ದ ಗುಮಾಸ್ತೆ ಕಿವಿಗೊಟ್ಟಳು. ಬೀಗ ಜಡಿದ ತುರ್ತು ಬಾಗಿಲಿನ ಬಗ್ಗೆ ಆ ವಿಳಾಸದಿಂದ ಎಲ್ಲರಿಗೂ ಬರೆದವಳು ಅವಳೇ. ಹೆಸರು ಹೊರಬಿದ್ದರೆ ಅನ್ನಕ್ಕೆ ಕಲ್ಲು.

“ಯಾರದು ಅಂತ ನೋಡಿದ್ಯಾ?” ಹಿರಿಯಳು ಕೇಳಿದಳು.

“ಇಲ್ಲ. ನೋಡೋದೂ ಇಲ್ಲ. ಆ ಒಂದು ವಿಳಾಸಕ್ಕೆ ನಿಯಮ ತಾಗದ ಹಾಗೆ ಟಿಕ್ ತೆಗೆದ್ರೆ ಮುಗೀತು.”

“ಲೇ, ಮ್ಯಾನೇಜರ್ ಈ ನಿಯಮ ತಂದಿರೋದೇ ಬರೆದೋರನ್ನ ಹಿಡಿಯೋಕೆ! ಯಾರು ತೆಗೆದ್ರು ಅಂತ ಜಾಲಾಡ್ತಾರೆ.”

“ಜಾಲಾಡ್ಲಿ. ಬೆಂಕಿ ಬಿದ್ರೆ ನಾವೂ ಆ ಬಾಗಿಲಿಗೇ ಓಡ್ಬೇಕು.”

“ಬಾಯಿ ಮುಚ್ಚೋ. ನನಗೆ ಮಕ್ಕಳಿದಾವೆ.”

“ಬರೆದೋರಿಗೂ ಇರ್ಬಹುದು, ಅಕ್ಕಾ.”

ಹಿರಿಯಳು ಚಹಾದ ಲೋಟ ಎತ್ತಿಕೊಂಡು ಮೆಟ್ಟಿಲಿನತ್ತ ನಡೆದಳು. ಹೊಸಬ ಹಿಂದೆಯೇ ಓಡಿದ. ಅರ್ಧ ದಾರಿಯಲ್ಲಿ, ತಿರುಗಿಯೂ ನೋಡದೆ, ಅವಳು ಗದರಿದಳು:

“ನನ್ನ ಲಾಗಿನ್‌ನಿಂದ ಆ ಟಿಕ್ ತೆಗಿ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ.”