ಬಾಗಿಲು ಮೇಡಂ ಅವರ ಗಂಡನ ನಾಲ್ಕು ಮಾತು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರೇ, ಅವರ ಎಡಬಲದಲ್ಲಿರುವ ಗಣ್ಯರೇ, ಮಕ್ಕಳ ತುರ್ತು ವಿಭಾಗದ ಡಾಕ್ಟರುಗಳೇ, ದಾದಿಯರೇ, ಸ್ಟ್ರೆಚರ್ ತಳ್ಳುವ ಗೆಳೆಯರೇ, ಮತ್ತು ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಆಗಲೇ ಯೋಚಿಸುತ್ತಿರುವ ಸಭಿಕರೇ,

ನಾನು ಡಾಕ್ಟರಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದವನು. ಹೋದ ವರ್ಷ ಅಂಗಡಿಯನ್ನು ಮಗಳಿಗೆ ಒಪ್ಪಿಸಿದ ಮೇಲೆ ಆ ಗುರುತೂ ಹೋಯಿತು. ಇವತ್ತು ನಿವೃತ್ತರಾಗುತ್ತಿರುವ ನಿಮ್ಮ ವಿಭಾಗದ ಮುಖ್ಯಸ್ಥೆಯ ಗಂಡ ಎನ್ನುವುದೊಂದೇ ಈಗ ನನಗಿರುವ ಅರ್ಹತೆ. ನೀವೆಲ್ಲ ಅವಳನ್ನು ಬೆನ್ನ ಹಿಂದೆ ‘ಬಾಗಿಲು ಮೇಡಂ’ ಎನ್ನುತ್ತೀರಂತೆ. ಅದು ಅವಳಿಗೆ ಗೊತ್ತು. ಯಾರು ಯಾರು ಹಾಗೆನ್ನುತ್ತೀರಿ ಎನ್ನುವುದೂ ಗೊತ್ತು. ಹೆದರಬೇಡಿ, ನಾಳೆಯಿಂದ ಅವಳು ಬರುವುದಿಲ್ಲ.

ಬರುವುದಿಲ್ಲ ಎಂದೆನಲ್ಲ, ಅದರ ಬಗ್ಗೆ ಅಧ್ಯಕ್ಷರು ಈಗಷ್ಟೇ ಹೇಳಿದರು. ವಾರಕ್ಕೆರಡು ದಿನವಾದರೂ ಬಂದು ಹೊಸಬರಿಗೆ ಕಲಿಸಿಕೊಡಿ ಎಂದು ಕೇಳಿದರಂತೆ. ಇವಳು ಆಗುವುದಿಲ್ಲ, ಮನೆಯವರಿಗೆ ಮಾತು ಕೊಟ್ಟಿದ್ದೇನೆ ಎಂದಳಂತೆ. ಸಭೆಯಲ್ಲಿ ಅರ್ಧ ಜನ ತಿರುಗಿ ನನ್ನನ್ನು ನೋಡಿದಿರಿ. ಹೌದು, ಆ ಮನೆಯವರು ನಾನೇ. ಕೆಲಸ ಮುಗಿದ ಮರುದಿನದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ಇಬ್ಬರೂ ಸೇರಿ ಊರೂರು ಸುತ್ತೋಣ ಎಂದು ಅವಳಿಂದ ಮಾತು ತೆಗೆದುಕೊಂಡವನು ನಾನು. ತಪ್ಪೇನಿದೆ ಹೇಳಿ? ಮದುವೆಯಾದಾಗಿನಿಂದ ನಾನು ಎಷ್ಟು ಮಧ್ಯಾಹ್ನ ಒಬ್ಬನೇ ಊಟ ಮಾಡಿದ್ದೇನೆ? ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡ ಪ್ಲಾಸ್ಟಿಕ್ ತಲೆಗಳ ಜೊತೆ ಎಷ್ಟು ಮಾತಾಡಿದ್ದೇನೆ? ಅವುಗಳಲ್ಲೊಂದು ನನ್ನ ಮಾತಿಗೆ ತಲೆಯಾಡಿಸುತ್ತದೆ ಎಂದು ನಂಬುವ ಮಟ್ಟಕ್ಕೆ ಬಂದಿದ್ದೆ. ಇರಲಿ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಹೊರಗಿನ ಅತಿಥಿಗಳಿಗೆ ಈ ಬಾಗಿಲಿನ ಸಂಗತಿ ಗೊತ್ತಿರಲಾರದು. ಇವಳ ವಿಭಾಗದಲ್ಲೊಂದು ಪದ್ಧತಿ. ಕಾಯಿಲೆಯ ಮಗು ಬಂದಾಗ ಡಾಕ್ಟರು ಓಡಿಹೋಗಿ ಮುಟ್ಟುವಂತಿಲ್ಲ. ಬಾಗಿಲಲ್ಲಿ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೊದಲು ನೋಡಬೇಕು. ಮಗು ಸುತ್ತಮುತ್ತ ನೋಡುತ್ತಿದೆಯೇ, ಅಮ್ಮನನ್ನು ಹಿಡಿದುಕೊಂಡಿದೆಯೇ, ಅಥವಾ ಬಟ್ಟೆಯ ಗಂಟಿನಂತೆ ಬಿದ್ದುಕೊಂಡಿದೆಯೇ? ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ? ತುಟಿಯ ಬಣ್ಣವೇನು, ಪಾದದ ಬಣ್ಣವೇನು? ಅಪರಿಚಿತ ಕೈ ತಾಗಿ ಮಗು ಕಿರುಚಲು ಶುರು ಮಾಡಿದರೆ ಇದ್ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನಲ್ಲಿ ಇದಿಷ್ಟೂ ಮುಗಿಯಬೇಕು. ಆಮೇಲೆ ಕೈ, ಸ್ಟೆತಾಸ್ಕೋಪು, ಔಷಧಿ, ಓಟ ಎಲ್ಲ.

ಆಸ್ಪತ್ರೆಗೆ ಇದು ಒಳ್ಳೆಯದೇ. ಆದರೆ ಇದೇ ಹೆಂಗಸು ಮನೆಗೂ ಬರುತ್ತಾಳಲ್ಲ? ಒಮ್ಮೆ ನನಗೆ ಭಾರೀ ನೆಗಡಿ. ಹಾಸಿಗೆಯಲ್ಲಿ ಬಿದ್ದು ಬೀದಿಗೆ ಕೇಳುವ ಹಾಗೆ ನರಳುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತಳು. ಕೈ ಬೆನ್ನ ಹಿಂದೆ. ಒಂದು ಗುಟುಕು ನೀರಿನಷ್ಟು ಹೊತ್ತು ನೋಡಿದಳು.

“ಇಷ್ಟು ಜೋರಾಗಿ ನರಳೋಕೆ ಶಕ್ತಿ ಇದೆ ಅಂದ್ರೆ ಏನೂ ಆಗಿಲ್ಲ ರೀ. ನೀವು ಕಾಯಬಹುದು,” ಎಂದು ಚಪ್ಪಲಿ ಮೆಟ್ಟಿಕೊಂಡು ಇಲ್ಲಿಗೆ ಬಂದುಬಿಟ್ಟಳು. ನಿಮ್ಮಲ್ಲಿ ಯಾವ ಮಗುವಿನ ಪಾಲಿಗೆ ಆ ದಿನ ಅವಳು ಸಿಕ್ಕಳೋ, ಆ ಮಗುವಿಗೆ ನನ್ನ ನೆಗಡಿಯ ಶುಭಾಶಯಗಳು.

ಇನ್ನು ಮುಖ್ಯ ವಿಷಯ. ಕಳೆದ ತಿಂಗಳು ಇವಳು ರಜೆಯಲ್ಲಿದ್ದಳು. ಪ್ರವಾಸಕ್ಕೆಂದು ಇಬ್ಬರೂ ಪೇಟೆಗೆ ಹೋಗಿ ಎರಡು ಸೂಟ್‌ಕೇಸ್ ಕೊಂಡು ಬಸ್ಸಿನಲ್ಲಿ ಮರಳುತ್ತಿದ್ದೆವು. ಮುಂದಿನ ಸೀಟಿನಲ್ಲಿ ಒಬ್ಬಳು ಪುಟ್ಟ ಹುಡುಗಿ. ಬಸ್ಸು ಬ್ರೇಕ್ ಹಾಕಿದಾಗ ಹಣೆ ಕಂಬಿಗೆ ಬಡಿದು ರಕ್ತ ಬಂದಿತ್ತು. ಅವಳ ಅಳು ಬಸ್ಸಿನ ಹಾರನ್ನಿಗಿಂತ ಜೋರು. ಇಡೀ ಬಸ್ಸು ಅವಳನ್ನು ಸಮಾಧಾನ ಮಾಡಲು ಹೊರಟಿತು, ನಾನೂ ಹೊರಟೆ. ನನ್ನ ಹೆಂಡತಿ ಅತ್ತ ತಿರುಗಿಯೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಪಕ್ಕದ ಸೀಟಿನಲ್ಲಿ ಅಪ್ಪನ ಎದೆಗೊರಗಿದ್ದ ಇನ್ನೊಂದು ಕೂಸನ್ನು. ಅದರ ಸದ್ದೇ ಇರಲಿಲ್ಲ. ಹಿಂದೆ ಕುಳಿತಿದ್ದ ಅಜ್ಜಿ ಅದನ್ನು ತೋರಿಸಿ, “ನೋಡಮ್ಮಾ, ಆ ಪಾಪು ಎಷ್ಟು ಜಾಣ, ಸುಮ್ಮನೆ ಕೂತಿದೆ,” ಎಂದು ಅಳುವವಳಿಗೆ ಬುದ್ಧಿ ಹೇಳುತ್ತಿದ್ದರು.

ಇವಳು ಎದ್ದಳು. “ಇವನು ಹೀಗೆ ಸುಮ್ಮನಾಗಿ ಎಷ್ಟು ಹೊತ್ತಾಯ್ತಪ್ಪಾ?” ಎಂದು ಆ ತಂದೆಯನ್ನು ಕೇಳಿದಳು.

“ಬೆಳಿಗ್ಗೆಯೆಲ್ಲ ಹಟ ಮಾಡ್ತಿದ್ದ ಅಕ್ಕಾ. ಈಗ ಜ್ವರ ಇಳೀತು ಅನ್ಸುತ್ತೆ, ಆರಾಮಾಗಿದಾನೆ,” ಎಂದರು ಅವರು.

ಇವಳು ಡ್ರೈವರ್ ಹತ್ತಿರ ಹೋಗಿ ಏನು ಹೇಳಿದಳೋ, ಬಸ್ಸು ದಾರಿಯ ನಿಲ್ದಾಣಗಳನ್ನೆಲ್ಲ ಬಿಟ್ಟು ನೇರ ಈ ಆಸ್ಪತ್ರೆಗೆ ಬಂತು. ಹಾಗೆ ನಾನು ಜೀವನದಲ್ಲಿ ಮೊದಲ ಸಲ ಅವಳ ಕೆಲಸದ ಕೋಣೆಯೊಳಗೆ ಕಾಲಿಟ್ಟೆ.

ಆ ದಿನ ಪಾಳಿಯಲ್ಲಿದ್ದದ್ದು ಆಗಷ್ಟೇ ಸೇರಿದ್ದ ಒಬ್ಬ ಕಿರಿಯ ಡಾಕ್ಟರಮ್ಮ. ಅಗೋ, ಕಂಬದ ಹಿಂದೆ ಅಡಗಿ ಕೂತಿದ್ದಾರೆ. ಎರಡು ಮಕ್ಕಳೂ ಒಟ್ಟಿಗೆ ಒಳಗೆ ಬಂದವು. ಒಂದರ ಹಣೆಯಲ್ಲಿ ರಕ್ತ, ಬಾಯಿ ತುಂಬ ಕಿರುಚಾಟ. ಇನ್ನೊಂದು ಗಪ್‌ಚಿಪ್. ಈ ಡಾಕ್ಟರು ರಕ್ತದ ಕಡೆಗೆ ಒಂದು ಹೆಜ್ಜೆ ಇಟ್ಟರು. ನನ್ನ ಹೆಂಡತಿ ತುಟಿ ಬಿಗಿಹಿಡಿದು ನನ್ನ ಮುಂಗೈಗೆ ಉಗುರು ಊರಿದಳು. ಕಲಿಸಿದ್ದು ತಾನಾಗಿಯೇ ನೆನಪಾಗುತ್ತದೋ ನೋಡೋಣ ಎಂದು ಒಂದು ಗುಟುಕಿನಷ್ಟು ಹೊತ್ತು ಬಾಯಿ ಮಾತ್ರ ಬಿಡಲಿಲ್ಲ. ನಾನೇ ಹೇಳಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಆ ಡಾಕ್ಟರಮ್ಮ ತಾವೇ ನಿಂತರು. ಹಿಂದಕ್ಕೆ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತರು. ನೋಡಿದರು. ಆಮೇಲೆ ನೇರವಾಗಿ ಸುಮ್ಮನಿದ್ದ ಕೂಸಿನ ಕಡೆಗೆ ಓಡಿದರು. “ಆಕ್ಸಿಜನ್ ತನ್ನಿ,” ಎಂದು ಕೂಗಿದರು. ಆ ಮಗುವಿಗೆ ಅಳುವಷ್ಟು ಉಸಿರು ಉಳಿದಿರಲಿಲ್ಲ, ಸಭಿಕರೇ. ನಾವೆಲ್ಲ ಜಾಣತನ ಎಂದುಕೊಂಡದ್ದು ಅದನ್ನೇ. ಈಗ ಅವನು ಮನೆ ತಲೆಕೆಳಗು ಮಾಡುತ್ತಿದ್ದಾನಂತೆ. ಅವನ ತಂದೆ ಇಲ್ಲೇ ಕುಳಿತಿದ್ದಾರೆ, ಕಣ್ಣ ಕೆಳಗಿನ ಕಪ್ಪು ನೋಡಿದರೆ ನಂಬಬಹುದು.

ಆ ಹೊತ್ತು ನಾನು ನನ್ನ ಹೆಂಡತಿಯ ಮುಖ ನೋಡಿದೆ. ಅಷ್ಟು ವರ್ಷ ಜೊತೆಗೆ ಬಾಳಿದ ಮೇಲೂ ಹಾಗೆ ಬೆಳಗುವ ಆ ಮುಖವನ್ನು ನಾನು ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಆ ಬಾಗಿಲ ಮೇಲೆ, ಆ ಡಾಕ್ಟರಮ್ಮನ ಮೇಲೆ, ನಿಮ್ಮೆಲ್ಲರ ಮೇಲೆ ಹೊಟ್ಟೆಕಿಚ್ಚಾಯಿತು.

ಅಲ್ಲಿಂದೀಚೆಗೆ ಮನೆಯಲ್ಲಿ ಅವಳು ಬಹಳ ಒಳ್ಳೆಯವಳಾಗಿಬಿಟ್ಟಿದ್ದಾಳೆ. ಸಮುದ್ರಕ್ಕೆ ಹೋಗೋಣವೇ ಎಂದರೆ “ಆಗಲಿ ರೀ.” ಬೆಟ್ಟಕ್ಕೆ ಎಂದರೆ “ಆಗಲಿ ರೀ.” ನನ್ನ ಅಡುಗೆಗೆ ಉಪ್ಪು ಸಾಲದು ಎನ್ನುವುದನ್ನೂ ಬಿಟ್ಟಿದ್ದಾಳೆ. ಕೊನೆಗೂ ದಾರಿಗೆ ಬಂದಳು ಎಂದು ನಾನು ಒಳಗೊಳಗೇ ಕುಣಿದೆ. ಈಗ ಇಲ್ಲಿ ಮೈಕಿನ ಮುಂದೆ ನಿಂತು, ಕೈಯಲ್ಲಿ ಹೂಗುಚ್ಛ ಹಿಡಿದು ಜಾಣ ಮಗುವಿನ ಹಾಗೆ ಕುಳಿತಿರುವ ಅವಳನ್ನು ನೋಡುತ್ತಿದ್ದೇನೆ. ಅವಳು ಆರಾಮಾಗಿಲ್ಲ. ಇಷ್ಟನ್ನು ಹೇಳಲು ಡಾಕ್ಟರೇ ಆಗಬೇಕೆಂದಿಲ್ಲ.

ಆದ್ದರಿಂದ, ಏನೇ, ನೀನು ಕೊಟ್ಟ ಮಾತನ್ನು ಈ ಸಭೆಯ ಮುಂದೆ ನಿನಗೇ ಹಿಂದಿರುಗಿಸುತ್ತಿದ್ದೇನೆ. ಬರುವುದು ಬಿಡುವುದು ನಿನ್ನ ಇಷ್ಟ. ನಮ್ಮಿಬ್ಬರಲ್ಲಿ ಜೋರಾಗಿ ನರಳುವವನು ನಾನು. ನಾನು ಕಾಯಬಹುದು.

ಅಧ್ಯಕ್ಷರೇ, ನೀವು ಕೇಳಿದ್ದು ಎರಡು ದಿನ. ಮೂರನೆಯದಕ್ಕೆ ಕೈ ಚಾಚಿದರೆ ನಾನೇ ಬಂದು ಬಾಗಿಲಲ್ಲಿ ಕೂರುತ್ತೇನೆ.

ನನ್ನ ಹೆಂಡತಿಯನ್ನು ಇಷ್ಟು ಪ್ರೀತಿಯಿಂದ ನೋಡಿಕೊಂಡ ನಿಮಗೆಲ್ಲ ಧನ್ಯವಾದಗಳು. ಅಯ್ಯೋ, ದಯವಿಟ್ಟು ಯಾರೂ ಏಳಬೇಡಿ, ನೀರು ತರಲು ಓಡಬೇಡಿ. ಅಳುತ್ತಿದ್ದಾಳೆ, ಅಷ್ಟೇ. ಕೊನೆಯ ಸಾಲಿನವರಿಗೂ ಕೇಳುತ್ತಿದೆಯಲ್ಲವೇ? ಹಾಗಾದರೆ ಗಾಬರಿಯೇನೂ ಇಲ್ಲ. ನಮಸ್ಕಾರ.