ಕಿರುಬೆರಳಿಗೆ ಸಿಗದ ಉಬ್ಬು

ಹೃದಯದ ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಕಿವಿ, ಪಕ್ಕದಲ್ಲಿದ್ದ ಪ್ಲಂಬರ್ ದಂಪತಿಯ ಕಡೆಗೇ ಇತ್ತು. ಆ ಪ್ಲಂಬರ್ ಬೀದಿಗೆ ಕಾಲಿಟ್ಟರೆ ನಲ್ಲಿಗಳು ಹೆದರಿ ತಾವೇ ಸೋರುವುದನ್ನು ನಿಲ್ಲಿಸುತ್ತಿದ್ದವಂತೆ. ಈಗ ಅವನೇ ಬೆವತು ತೊಪ್ಪೆಯಾಗಿದ್ದ.

"ರಕ್ತನಾಳ ಅರ್ಧ ಕಿರಿದಾಗಿದೆ, ಸ್ಟೆಂಟ್ ಹಾಕಿದ್ರೆ ಸರಿಹೋಗುತ್ತೆ ಅಂದ್ರಲ್ಲ ಡಾಕ್ಟ್ರು. ಯಾಕ್ರೀ ಹಿಂಗೆ ನಡುಗ್ತೀರಾ?" ಅಂದಳು ಹೆಂಡತಿ.

"ಒಳಗೆ ಒಂದು ಪಕ್ಕ ಸಾಸಿವೆಯಷ್ಟು ಉಬ್ಬಿದೆ ಅಂದಿದ್ದು ಕೇಳ್ಲಿಲ್ವೇನೆ?"

"ಸಾಸಿವೆ ತಾನೆ?"

"ದೊಡ್ಡ ಪೈಪಲ್ಲಿ ಸಾಸಿವೆ. ಕಿರಿದಾದ ಜಾಗದಲ್ಲಿ ಅದೇ ಬಂಡೆ ಕಣೇ! ನೀರು ನೆಟ್ಟಗೆ ಹೋಗಲ್ಲ. ಒಂದೇ ಗೋಡೆಗೆ ಹೋಗಿ ಹೊಡೆಯುತ್ತೆ, ಮುಂದೆ ಸುಳಿ ತಿರುಗುತ್ತೆ. ಅದಕ್ಕೇ ನಾನು ಪೈಪ್ ಕುಯ್ದಾಗೆಲ್ಲ ಕಿರುಬೆರಳು ತೂರಿಸಿ ಒಳಗೆ ಸವರಿ ನೋಡೋದು."

"ಡಾಕ್ಟ್ರೂ ನೋಡ್ತಾರೆ ಬಿಡಿ."

"ಯಾವ ಬೆರಳಲ್ಲೇ?"



ಅಷ್ಟರಲ್ಲಿ ನರ್ಸ್ ಬಂದು ಪ್ಲಂಬರನನ್ನು ಕರೆದಳು. ಅವನು ಬೆಂಚು ಬಿಟ್ಟು ಕದಲಲಿಲ್ಲ. ಹೆಂಡತಿ ಅವನ ಒರಟು ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಎಬ್ಬಿಸಿದಳು.

"ಏಳಿ. ಬಾಗಿಲ ತನಕ ಇದನ್ನ ನಾನು ಬಿಡಲ್ಲ."

ಆಮೇಲೆ ಬಾಗಿಲು ಬಂತು.